ಮೂವತ್ತೊಂದು ಹೆಸರುಗಳ ಬೇಸಿಗೆ

ಮೊನ್ನೆ ಅಂಚೆ ಕಚೇರಿಯಲ್ಲಿ ಹಿರಿಯರೊಬ್ಬರು ವಿಮೆ ಮಾಡಿಸಿದ ಪಾರ್ಸೆಲ್ಲಿಗೆ ಅರಗಿನ ಮುದ್ರೆ ಹಾಕಿಸಿಕೊಳ್ಳುತ್ತಿದ್ದರು. ಇನ್ನೂ ಅರಗು ಹಾಕುವ ಪದ್ಧತಿ ಉಳಿದಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಕೆಂಪು ಕಡ್ಡಿ ಮೇಣದ ಬತ್ತಿಯ ಮೇಲೆ ಕರಗಿ, ಆ ಸುಟ್ಟ ವಾಸನೆ ಮೂಗಿಗೆ ಬಂದದ್ದೇ ತಡ, ಸಾಲಿನಲ್ಲಿ ನಿಂತಿದ್ದ ನನ್ನ ಮುಷ್ಟಿ ತಾನಾಗಿ ಬಿಗಿಯಿತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಆ ವಾಸನೆ ನನ್ನ ಮೂಗಿಗೆ ಮೊದಲ ಸಲ ಬಡಿದದ್ದು ಅಹಮದಾಬಾದಿನ ನವರಂಗಪುರದಲ್ಲಿ, ತೊಂಬತ್ತರ ದಶಕದ ಕೊನೆಯ ಕಡೆಯ ಒಂದು ಏಪ್ರಿಲ್ ಮಧ್ಯಾಹ್ನ. ಎರಡನೇ ಮಹಡಿಯ ನಮ್ಮ ಕೋಣೆಯಲ್ಲಿ ಆ ಹೊತ್ತು ಇದ್ದವರು ಆರು ಜನ. ಕೋರ್ಟಿನಿಂದ ನೇಮಕವಾಗಿ ಬಂದ ಕಮಿಷನರು, ಸಣಕಲು ವಕೀಲರೊಬ್ಬರು. ಅವರ ಜೊತೆಗೆ ಇಬ್ಬರು ಪೊಲೀಸರು. ಕೋಣೆಯ ಒಡೆಯ ಹಸಮುಖಭಾಯ್. ಅವರ ಬಳಿ ಪ್ರೋಗ್ರಾಮ್ ಬರೆಯುತ್ತಿದ್ದ ನಾನು. ಮತ್ತು ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು ಬೆರಳು ತೋರಿಸುತ್ತಿದ್ದ ಕಾಮತ್ ಸರ್. ನನಗೆ ಕೆಲಸ ಕಲಿಸಿದವರು.

ಮೂರು ಕಂಪ್ಯೂಟರುಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯಲ್ಲಿ ಸುತ್ತಿದರು, ದಾರ ಕಟ್ಟಿದರು, ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಿದರು. ಹೊರಗೆ ಬಿಸಿಗಾಳಿ. ಫ್ಯಾನು ನಿಲ್ಲಿಸಿದ್ದರು, ಇಲ್ಲವಾದರೆ ಮೇಣದ ಬತ್ತಿ ಆರುತ್ತದೆ. ಹಸಮುಖಭಾಯ್ ಮಣ್ಣಿನ ಮಾಟಲಿಯಿಂದ ತಣ್ಣೀರು ಬಗ್ಗಿಸಿ ಪೊಲೀಸರಿಗೆ ಕೊಟ್ಟರು, ಕಮಿಷನರಿಗೆ ಕೊಟ್ಟರು, ಕಡೆಗೆ ಕಾಮತ್ ಸರ್ ಮುಂದೂ ಲೋಟ ಹಿಡಿದರು.

"ಪೀವೋ ಸಾಹೇಬ್, ಜಗಳಕ್ಕೂ ಗಂಟಲು ಒದ್ದೆ ಇರಬೇಕು."

ಕಾಮತ್ ಸರ್ ಲೋಟದ ಕಡೆ ನೋಡಲೇ ಇಲ್ಲ. ಮೂಲೆಯ ಡಬ್ಬಿಯತ್ತ ಬೆರಳು ಮಾಡಿ, "ಆ ಫ್ಲಾಪಿಗಳೂ," ಅಂದರು. ಆಮೇಲೆ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯತ್ತ. "ಅದೂ. ಅದೇ ಮುಖ್ಯ." ಹಾಳೆಯಲ್ಲಿ ನನ್ನ ಕೈಬರಹದಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಕಮಿಷನರು ಅದನ್ನು ಕಿತ್ತು ಹಿಂದೆ ರುಜು ಹಾಕಿದರು.

ಹೋಗುವಾಗ ಕಾಮತ್ ಸರ್ ನನ್ನ ಹತ್ತಿರ ಬಂದು, ಮಿಕ್ಕವರಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು: "ನಾಲ್ಕು ವರ್ಷ ನನ್ನ ಹತ್ತಿರ ಇದ್ದು ಇದಾ ಕಲಿತದ್ದು? ಕಳ್ಳಿ."

"ಏನು ಕದ್ದೆ ಸರ್? ಹೇಳಿ ಹೋಗಿ."

"ಮೂವತ್ತೊಂದು. ಎಣಿಸ್ಕೋ ಮಾರಾಯ್ತಿ."

ಆ ಒಂದು ಮಾತು, ಕಳ್ಳಿ ಎಂಬುದು, ಕಂಪ್ಯೂಟರುಗಳಿಗಿಂತ ಭಾರವಾಗಿ ಆ ಕೋಣೆಯಲ್ಲಿ ಉಳಿಯಿತು. ಕೋರ್ಟು ಹೌದೆಂದರೆ ಹಸಮುಖಭಾಯ್ ಅಂಗಡಿ ಮುಚ್ಚುತ್ತಿತ್ತು, ಅದು ಸರಿ. ಆದರೆ ಆ ಬೇಸಿಗೆಯಿಡೀ ನನ್ನನ್ನು ಕುದಿಸಿದ್ದು ಆ ಮಾತೇ. ಅದನ್ನು ಅವರ ಬಾಯಿಂದಲೇ ವಾಪಸು ತೆಗೆಸಬೇಕು ಎಂದು ನಾನು ಹಟ ಹಿಡಿದೆ.

ಈ ಮೂವತ್ತೊಂದು ಹೆಸರುಗಳ ಸಂಗತಿ ಹೇಳಬೇಕೆಂದರೆ ಸೂರತ್ತಿನ ಸೀರೆಯಿಂದ ಶುರು ಮಾಡಬೇಕು. ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚಿನ ಹೂವು, ಮಾವಿನಕಾಯಿ, ನವಿಲು ಎಲ್ಲವೂ ರಟ್ಟಿನ ಕಾರ್ಡುಗಳಲ್ಲಿ ಇರುತ್ತವೆ. ಕಾರ್ಡಿನಲ್ಲಿ ತೂತು ಇದ್ದಲ್ಲಿ ಕೊಕ್ಕೆ ಎದ್ದು ಹಾಸಿನ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ವಿನ್ಯಾಸವನ್ನು ಚೌಕಳಿ ಕಾಗದದಲ್ಲಿ ಬರೆದು, ಅದನ್ನು ನೋಡಿ ಕಾರ್ಡಿಗೆ ತೂತು ಹೊಡೆಯುವ ಸಣ್ಣ ಸಣ್ಣ ಅಂಗಡಿಗಳು ಸೂರತ್ತಿನ ಗಲ್ಲಿಗಳಲ್ಲಿ ಎಷ್ಟೋ ಇದ್ದವು. ಯಂತ್ರ ಬರುವ ಮೊದಲು ಅದು ಇಬ್ಬರ ಕೆಲಸ. ಒಬ್ಬರು ಕಾಗದ ನೋಡಿ ಕೂಗಬೇಕು, ಇನ್ನೊಬ್ಬರು ಒತ್ತಬೇಕು. ಕೂಗಿಗೆ ಒಂದು ಕ್ರಮ ಉಂಟು: ಮೊದಲು ಸಾಲು, ಆಮೇಲೆ ಕೊಕ್ಕೆಯ ಸಂಖ್ಯೆ, ಕಡೆಗೆ 'ಮಾರ್' ಅಥವಾ 'ಛೋಡ್'. ಹೊಡಿ ಅಥವಾ ಬಿಡು. ಅದೇ ಹೂವು ಮತ್ತೆ ಬಂದರೆ 'ಫರಿ'. ತಿರುಗಿಸಿ ಬಂದರೆ 'ಉಲ್ಟಾ'. ಭಜನೆಯ ಹಾಗೆ ರಾಗವಾಗಿ ಕೂಗುತ್ತಿದ್ದರು. ಹೊರಗೆ ನಿಂತು ಕೇಳಿದರೆ ಒಳಗೆ ಪೂಜೆ ನಡೆದಿದೆ ಅನ್ನಿಸಬೇಕು.

ಕುಮಟಾ ಕಡೆಯ ಕಾಮತ್ ಸರ್, ವಡೋದರಾದ ಗೋರ್ವಾದಲ್ಲಿ ಒಂದು ಶೆಡ್ ಹಾಕಿ, ಈ ತೂತು ಹೊಡೆಯುವ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುವ ಯಂತ್ರ ಕಟ್ಟಿದರು. ಇದು ಸಣ್ಣ ಸಾಧನೆಯಲ್ಲ, ಸಿಟ್ಟಿನಲ್ಲೂ ಹೇಳುತ್ತೇನೆ. ನಾನು ಕಾಲೇಜು ಮುಗಿಸಿ ಅವರ ಬಳಿ ಸೇರಿದಾಗ ಯಂತ್ರ ಇತ್ತು, ಅದಕ್ಕೆ ಹೇಳಬೇಕಾದ ಅಪ್ಪಣೆಗಳು ಇನ್ನೂ ಗಟ್ಟಿಯಾಗಿರಲಿಲ್ಲ. ಅಂಗಡಿಯವರು ತಮ್ಮ ವಿನ್ಯಾಸವನ್ನು ಯಾವ ಪದಗಳಲ್ಲಿ, ಯಾವ ಕ್ರಮದಲ್ಲಿ ಬರೆದರೆ ಯಂತ್ರ ಕೇಳುತ್ತದೆ? ಅದನ್ನು ತಿಳಿದು ಬಾ ಎಂದು ಸರ್ ನನ್ನನ್ನು ಸೂರತ್ತಿಗೆ ಕಳಿಸಿದರು. ನಾನು ಹೀರಾಬೇನ್ ಎಂಬವರ ಅಂಗಡಿಯಲ್ಲಿ ಹನ್ನೆರಡು ದಿನ ಕೂತು, ಅವರ ನಾದಿನಿ ಮಂಜುಬೇನ್ ಕೂಗುವುದನ್ನು ಕೇಳಿ ಕೇಳಿ ಬರೆದುಕೊಂಡು ಬಂದೆ. ಮಾರ್, ಛೋಡ್, ಫರಿ, ಉಲ್ಟಾ, ಹೀಗೆ ಮೂವತ್ತೊಂದು. ಸರ್ ಓದಿ, "ಆಯ್ತು, ಹಾಗೇ ಇರ್ಲಿ. ಅವ್ರಿಗೆ ಬಾಯಿಗೆ ಬಂದದ್ದೇ ಒಳ್ಳೇದು," ಅಂದರು. ಕೈಪಿಡಿಯನ್ನೂ ನಾನೇ ಬರೆದೆ. ಮೇಲೆ ಅವರ ಹೆಸರು ಬಂತು. ಸಂಬಳಕ್ಕಿದ್ದವಳು, ಅದರಲ್ಲಿ ತಕರಾರಿಲ್ಲ.

ತಕರಾರು ಇದ್ದದ್ದು ಬೇರೆ. ಆ ಹೆಸರುಗಳನ್ನು ಕೇಳಿದ ಮೇಲೆ ಯಂತ್ರವನ್ನು ಕುಣಿಸುವ ಒಳಗಿನ ಬರಹ ಇತ್ತಲ್ಲ, ಅದನ್ನು ಸರ್ ತಮ್ಮ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ಪುಟ ತೋರಿಸಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: "ಹೊರಗಿನದ್ದು ನಿಂಗೆ, ಒಳಗಿನದ್ದು ನಂಗೆ." ನಾಲ್ಕನೇ ವರ್ಷದ ಕೊನೆಗೆ ನಾನು ಕೆಲಸ ಬಿಟ್ಟು ಅಹಮದಾಬಾದಿಗೆ, ಮಣಿನಗರದ ಮನೆಗೆ ಬಂದೆ.

ಹಸಮುಖಭಾಯ್ ಸಿಕ್ಕಿದ್ದು ಆಗ. ಲೇತ್ ಯಂತ್ರದ ಮುಂದೆ ಬೆಳೆದ ಮನುಷ್ಯ. ಅರ್ಧ ಬೆಲೆಗೆ ಅಂಥದೇ ತೂತಿನ ಯಂತ್ರ ಕಟ್ಟಿದ್ದರು. ಆದರೆ ಸೂರತ್ತಿನವರ ಬಳಿ ಐದು ವರ್ಷದ ವಿನ್ಯಾಸಗಳೆಲ್ಲ ಆ ಮೂವತ್ತೊಂದು ಹೆಸರುಗಳಲ್ಲೇ ಇದ್ದವು. ಹೊಸ ಯಂತ್ರಕ್ಕಾಗಿ ಅವನ್ನೆಲ್ಲ ತಿರುಗಿ ಬರೆಯಿರಿ ಎಂದರೆ ಯಾರು ಬರೆದಾರು? ಹಾಗಾಗಿ ನಾನು ಹೆಸರುಗಳನ್ನೂ ಅವುಗಳ ಕ್ರಮವನ್ನೂ ಹಾಗೆಯೇ ಇಟ್ಟುಕೊಂಡೆ. ಒಳಗಿನ ಬರಹವನ್ನು ಮೊದಲ ಅಕ್ಷರದಿಂದ ನಾನೇ ಬರೆದೆ. ಎಂಟು ತಿಂಗಳು ಹಿಡಿಯಿತು. ಸೂರತ್ತಿನ ಯಾವ ಹಳೆಯ ವಿನ್ಯಾಸವಾದರೂ ಒಂದಕ್ಷರ ತಿದ್ದದೆ ನಮ್ಮ ಯಂತ್ರದಲ್ಲಿ ಓಡಿತು. ಮೂರು ಅಂಗಡಿಗಳು ತಕ್ಷಣ ಕೊಂಡವು. ಆಮೇಲೆ ಅರಗು ಬಂತು.

ಮನೆಯಲ್ಲಿ ಈ ಸುದ್ದಿ ಹೇಳಲೇಬೇಕಿತ್ತು. ಅಪ್ಪ ರೈಲ್ವೆಯವರು, ಕೋರ್ಟು ಎಂಬ ಮಾತು ಕೇಳಿಯೇ ಬೆವರಿದರು. ಗದಗಿನಿಂದ ಅಪ್ಪನ ವರ್ಗದ ಜೊತೆ ಊರೂರು ತಿರುಗಿ ಮಣಿನಗರದಲ್ಲಿ ಬೇರು ಬಿಟ್ಟ ನಮ್ಮ ಅಜ್ಜಿ ಮಾತ್ರ ಕಡ್ಲಿಬ್ಯಾಳಿ ಆರಿಸುವುದನ್ನು ನಿಲ್ಲಿಸದೆ ಕೇಳಿದಳು. ನನಗೆ ಬಂದ ಕನ್ನಡವೆಲ್ಲ ಅವಳದೇ. ಶಾಲೆಯಲ್ಲಿ ಕಲಿತದ್ದು ಗುಜರಾತಿ, ಹಿಂದಿ. ಕನ್ನಡ ಕಲಿತದ್ದು ಈ ಬೇಳೆಯ ಮೊರದ ಮುಂದೆ.

"ಏನ್ ಕದ್ದೀ ಅಂತಾನ ಆಂವ?"

"ಅಪ್ಪಣೆ ಹೆಸರು ಅಜ್ಜಿ. ಯಾವುದಾದ ಮ್ಯಾಲ ಯಾವುದು ಅನ್ನೋ ಕ್ರಮ. ಒಳಗಿಂದು ನಂದ ಐತಿ."

"ಮನಿ ನಂಬರ್ ಬರಕೊಂಡ್ರ ಮನಿ ಕದ್ದಂಗ ಆಗ್ತೈತೇನು?"

"ಕಾನೂನಿನ್ಯಾಗ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿ ಅಂತ ಬರದಾರ."

ಅಜ್ಜಿ ಮೊರ ಕೆಳಗಿಟ್ಟಳು. "ಸಾಹಿತ್ಯ? ಹಂಗಾರ ಓದು ನೋಡೂಣು ಒಂದಿಷ್ಟು."

ನಾನು ಓದಿದೆ. ಮಾರ್, ಛೋಡ್, ಫರಿ, ಉಲ್ಟಾ. ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇದಕ್ಕ ಬಡದಾಡ್ತೀರಿ ಇಬ್ಬರೂ? ಬಿ.ಎ. ಓದಿದ್ರ ಏನಾಗತಿತ್ತ ನಿನಗ?"

ನಮ್ಮ ವಕೀಲ ತ್ರಿವೇದಿ ನಗಲಿಲ್ಲ. ಅವರ ಪ್ರಕಾರ ಸಂಗತಿ ಹೀಗಿತ್ತು: ಒಂದೊಂದು ಹೆಸರಿಗೆ ಹಕ್ಕುಸ್ವಾಮ್ಯ ಇಲ್ಲದಿರಬಹುದು, ಆದರೆ ಮೂವತ್ತೊಂದನ್ನೂ ಅದೇ ಕ್ರಮದಲ್ಲಿ ತೆಗೆದುಕೊಂಡರೆ ಅದೊಂದು ಕೃತಿಯೇ ಎಂದು ಎದುರಿನವರು ವಾದಿಸುತ್ತಾರೆ. ನ್ಯಾಯವಾದ ಬಳಕೆ ಎಂದು ಕಾನೂನಿನಲ್ಲಿ ಇರುವುದೆಲ್ಲ ಅಧ್ಯಯನಕ್ಕೆ, ವಿಮರ್ಶೆಗೆ ಇಂಥದಕ್ಕೆ ಮಾಡಿದ್ದು. ಒಂದು ಯಂತ್ರದ ಮಾತು ಇನ್ನೊಂದು ಯಂತ್ರಕ್ಕೆ ತಿಳಿಯಲಿ ಎಂದು ಹೆಸರು ಬಳಸಿಕೊಳ್ಳುವುದರ ಬಗ್ಗೆ ಆಗಿನ್ನೂ ಯಾರೂ ಒಂದು ಸಾಲು ಬರೆದಿರಲಿಲ್ಲ. "ಬೇನ್, ರಸ್ತೆಯೇ ಇಲ್ಲದ ಕಡೆ ನಮ್ಮ ಗಾಡಿ ನಿಂತಿದೆ," ಅಂದರು ಅವರು, ಅಲ್ಲಿ ನನ್ನನ್ನು ನಿಲ್ಲಿಸಿದವಳೇ ನೀನು ಎನ್ನುವ ಧ್ವನಿಯಲ್ಲಿ.

ಮೇ ತಿಂಗಳಲ್ಲಿ ನಮ್ಮ ಕನ್ನಡದವರ ಕೂಟ. ಬ್ಯಾಂಕಿನವರು, ವಿಮೆಯವರು, ಹೋಟೆಲಿನವರು, ವಡೋದರಾದಿಂದ ರೈಲು ಹತ್ತಿ ಬಂದವರು, ಎಲ್ಲ ಸೇರಿ ಮಣಿನಗರದ ಒಂದು ಸಭಾಂಗಣದಲ್ಲಿ ಬಿಸಿಬೇಳೆ ಭಾತು ಉಣ್ಣುವ ದಿನ. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನಾನು ಕೂತ ಪಂಕ್ತಿಯಲ್ಲಿ ಎರಡೂ ಪಕ್ಕದ ಎಲೆ ಖಾಲಿ. ಒಬ್ಬ ಹೆಂಗಸು ತನ್ನ ಮಗಳನ್ನು ನನ್ನ ಹತ್ತಿರದಿಂದ ಕರೆದುಕೊಂಡು ಹೋದಳು. ಆ ಹುಡುಗಿಗೆ ನಾನು ಗಣಿತ ಹೇಳಿಕೊಟ್ಟಿದ್ದೆ. ಕಾಮತ್ ಸರ್ ಎದುರಿನ ಸಾಲಿನಲ್ಲಿ ಕೂತು, ಜೋರಾಗಿ, ಯಾರಿಗೋ ಹೇಳುವವರ ಹಾಗೆ, "ಈಗಿನ ಮಕ್ಳಿಗೆ ಕಲಿಸ್ಲೇಬಾರ್ದು. ಕಲಿಸಿದ್ರೆ ಮನೆ ಬಾಗಿಲು ಸಮೇತ ಕಿತ್ಕೊಂಡು ಹೋಗ್ತಾರೆ," ಅಂದರು.

ಅಜ್ಜಿ ಊಟದ ಎಲೆ ಬಿಟ್ಟು ಎದ್ದಳು. ಎಂಜಲ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು, ಅವರ ಮುಂದೆ ಹೋಗಿ ನಿಂತಳು.

"ಏನ್ರೀ ಕಾಮತ್ರ, ನಮ್ಮ ಹುಡುಗಿ ನಿಮ್ಮ ಕಪಾಟ ಒಡದಾಳೇನು?"

"ಅಮ್ಮಾ, ಇದು ನಿಮಗೆ ಅರ್ಥ ಆಗುವ ವಿಷಯ ಅಲ್ಲ."

"ನನಗ ಅರ್ಥ ಆಗೂಹಂಗ ಹೇಳ್ರಿ. ಒಡದಾಳೋ ಇಲ್ಲೋ?"

"ಒಡೀಲಿಲ್ಲ. ಆದ್ರೆ..."

"ಅಷ್ಟ ಸಾಕು. ಕೇಳಿದ್ರೆಲ್ಲಾ?" ಎಂದು ಅಜ್ಜಿ ಸಭೆಗೆಲ್ಲ ಹೇಳಿ ತಿರುಗಿ ಬಂದು ಕೂತಳು. ಆದರೆ ಯಾರೂ ನಮ್ಮ ಪಕ್ಕಕ್ಕೆ ಬಂದು ಕೂರಲಿಲ್ಲ. ಪಾಯಸ ಬಡಿಸುವವರು ನಮ್ಮ ಸಾಲನ್ನು ಬೇಗ ದಾಟಿದರು. ಅದು ಬೇಕೆಂದೇ ಮಾಡಿದ್ದೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಆವತ್ತಿನಿಂದ ಆ ಕೂಟಕ್ಕೆ ನಾನು ಹೋಗಿಲ್ಲ.

ಕೋರ್ಟು ಒಬ್ಬ ಪರಿಣತರನ್ನು ನೇಮಿಸಿತು. ನಿವೃತ್ತ ಪ್ರಾಧ್ಯಾಪಕರು, ಮಾತು ಕಡಿಮೆ, ಪೆನ್ಸಿಲು ಚೂಪು. ಕಾಮತ್ ಸರ್ ಅವರ ಕಪಾಟಿನ ಬರಹವನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ಅವರು ಎರಡು ವಾರ ಓದಿದರು. ಒಳಗೆ ಒಂದು ಸಾಲೂ ಹೊಂದುವುದಿಲ್ಲ ಎಂದು ಬರೆದರು. ನನಗೆ ರೆಕ್ಕೆ ಬಂದ ಹಾಗಾಯಿತು. ಆದರೆ ಅವರಿಗೆ ಒಂದು ಸಂದೇಹ ಉಳಿದಿತ್ತು. ಅದನ್ನು ಯಂತ್ರದ ಮುಂದೆಯೇ ಕೇಳುತ್ತೇನೆ, ಎರಡೂ ಕಡೆಯವರು ಸೂರತ್ತಿಗೆ ಬನ್ನಿ ಎಂದರು.

ಜೂನ್ ಕೊನೆ. ಮಳೆ ಆಗಷ್ಟೇ ಹಿಡಿದಿತ್ತು. ಹೀರಾಬೇನ್ ಅವರ ಅಂಗಡಿಯಲ್ಲಿ ಕಾಮತ್ ಸರ್ ಯಂತ್ರ ಮೊದಲಿನಿಂದ ಇತ್ತು. ಸೂರತ್ತಿನದೇ ಇನ್ನೊಂದು ಅಂಗಡಿಗೆ ಮಾರಿದ್ದ ನಮ್ಮದನ್ನು ತಂದು ಪಕ್ಕದಲ್ಲಿ ಇಟ್ಟೆವು. ಹೀರಾಬೇನ್ ಐವತ್ತು ದಾಟಿದ ಹೆಂಗಸು, ಕಿವಿಯ ಹಿಂದೆ ಯಾವಾಗಲೂ ಕೆಂಪು ಪೆನ್ಸಿಲು. ಎರಡು ಕಡೆಯ ಕರಿಕೋಟಿನವರನ್ನು ನೋಡಿ, "ಇಷ್ಟು ಜನ ನನ್ನ ಮಗಳ ಮದುವೆಗೂ ಬಂದಿರಲಿಲ್ಲ. ಚಪ್ಪಲಿ ಹೊರಗೆ ಬಿಡಿ," ಅಂದರು.

ಒಂದು ಮಾವಿನಕಾಯಿ ಅಂಚಿನ ವಿನ್ಯಾಸವನ್ನು ಎರಡೂ ಯಂತ್ರಗಳಲ್ಲಿ ಓಡಿಸಿದರು. ಪ್ರಾಧ್ಯಾಪಕರು ಎರಡರ ಕಾರ್ಡುಗಳನ್ನೂ ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿದರು. ತೂತಿಗೆ ತೂತು ಕೂಡಿ ಬೆಳಕು ಬಂತು.

"ಹೆಸರುಗಳು ಒಂದೇ ಏಕೆ ಅನ್ನುವುದು ನನಗೆ ತಿಳಿಯಿತು," ಅಂದರು ಅವರು, ನನ್ನ ಕಡೆ ತಿರುಗಿ. "ಆದರೆ ಎರಡೂ ಯಂತ್ರಗಳು ಚೌಕಳಿ ಕಾಗದದ ಎಡತುದಿಯ ಮೊದಲ ಗೆರೆಯನ್ನು ಓದದೆ ಎಸೆಯುತ್ತವೆ. ಅಲ್ಲಿ ಏನು ಬರೆದರೂ ತೂತು ಬೀಳುವುದಿಲ್ಲ. ಸ್ವಂತವಾಗಿ ಬರೆದವರು ಒಂದು ಗೆರೆಯನ್ನು ಏಕೆ ಕಳೆದುಕೊಳ್ಳುತ್ತಾರೆ? ಕೈಪಿಡಿಯಲ್ಲಿ ಇದರ ಮಾತಿಲ್ಲ. ಎಲ್ಲಿಂದ ಬಂತು ಇದು?"

ಕಾಮತ್ ಸರ್ ವಕೀಲರು ಇದಕ್ಕೇ ಕಾದಿದ್ದರು. "ತಪ್ಪನ್ನೂ ಕದ್ದಿದ್ದಾರೆ ಸಾಹೇಬ್. ಕದಿಯುವಾಗ ಯಾವುದು ತಪ್ಪು ಯಾವುದು ಸರಿ ಎಂದು ನೋಡಲು ಪುರುಸೊತ್ತು ಎಲ್ಲಿ?"

ಮೊದಲ ಗೆರೆಯ ಮಾತು ಬಂದೇ ಬರುತ್ತದೆಂದು ತ್ರಿವೇದಿ ರೈಲಿನಲ್ಲೇ ನನಗೆ ಪಾಠ ಮಾಡಿದ್ದರು. ಗಿರಾಕಿಗಳು ಹಾಗೆ ಬೇಕೆಂದರು, ಅಷ್ಟು ಹೇಳು, ಮುಂದೆ ಬಾಯಿ ತೆರೆಯಬೇಡ. ಅದು ಸುಳ್ಳೂ ಅಲ್ಲ. ನಾನು ಕಾಮತ್ ಸರ್ ಕಡೆ ನೋಡಿದೆ. ಗೋರ್ವಾದಲ್ಲಿ ನಾನು ತಪ್ಪು ಮಾಡಿದಾಗ ಹುಬ್ಬು ಏರಿಸಿ ನೋಡುತ್ತಿದ್ದರಲ್ಲ, ಅದೇ ನೋಟ. ಇವಳು ಅರ್ಧ ಹೇಳುತ್ತಾಳೆ ಎಂಬ ಖಾತರಿ ಆ ಮುಖದಲ್ಲಿತ್ತು. ನನಗೆ ಎಲ್ಲಿಲ್ಲದ ರೋಷ ಬಂತು.

"ಇದೇ ಅಂಗಡಿಯಲ್ಲಿ ಬಂತು ಸಾಹೇಬ್," ಅಂದೆ. "ಕಾಮತ್ ಸರ್ ಅವರ ಮೊದಲ ಯಂತ್ರವನ್ನು ಇಲ್ಲಿ ನಿಲ್ಲಿಸಿದವಳು ನಾನು, ಅವರ ಕೆಲಸದಲ್ಲಿದ್ದಾಗ. ಚೌಕಟ್ಟು ಸ್ವಲ್ಪ ವಾರೆ ಕೂತಿತ್ತು. ಮೊದಲ ತೂತು ಕಾರ್ಡಿನ ಅಂಚಿಗೆ ಬಿದ್ದು ಕಾರ್ಡು ಹರಿಯುತ್ತಿತ್ತು. ನಾನು ಗೋರ್ವಾಕ್ಕೆ ಫೋನು ಮಾಡಿದೆ. ಚೌಕಟ್ಟು ಬಿಚ್ಚಲು ಹೊತ್ತಿಲ್ಲ, ಪ್ರೋಗ್ರಾಮಿನಲ್ಲೇ ಒಂದು ಗೆರೆ ಹಾರಿಸುತ್ತೇನೆ, ಮೊದಲ ಗೆರೆ ಖಾಲಿ ಬಿಡಿ ಎಂದು ಅಂಗಡಿಯವರಿಗೆ ಹೇಳು ಅಂದರು. ಹೇಳಿದೆ. ಆಮೇಲೆ ಬಂದ ಯಂತ್ರಗಳ ಚೌಕಟ್ಟು ನೆಟ್ಟಗಿತ್ತು. ಆದರೆ ಅಷ್ಟರಲ್ಲಿ ಎಲ್ಲರೂ ಮೊದಲ ಗೆರೆ ಬಿಟ್ಟೇ ಬರೆಯುತ್ತಿದ್ದರು. ನಾನು ಆ ಗೆರೆಯನ್ನು ಓದಿದರೆ ಅವರ ಸೀರೆ ಕೆಡುತ್ತದೆ. ಅದಕ್ಕೇ ಬಿಟ್ಟೆ."

ತ್ರಿವೇದಿ ಹಣೆ ಒತ್ತಿಕೊಂಡರು. ಎದುರಿನ ವಕೀಲರು ಕುಣಿದೇಬಿಟ್ಟರು. "ಒಪ್ಪಿಕೊಂಡರು! ನೌಕರಿಯಲ್ಲಿದ್ದಾಗ ತಿಳಿದ ಗುಟ್ಟು! ಬರೆದುಕೊಳ್ಳಿ ಸಾಹೇಬ್, ಗುಟ್ಟು!"

"ಗುಟ್ಟಾ?" ಅಂದರು ಹೀರಾಬೇನ್.

ಗೋಡೆಯ ಬದಿಯ ಅಟ್ಟದಿಂದ ಕಾಗದದ ಸುರುಳಿಗಳನ್ನು ಕಂಕುಳ ತುಂಬ ತಂದು ನೆಲಕ್ಕೆ ಹಾಕಿದರು. ಒಂದನ್ನು ಬಿಚ್ಚಿದರು, ಇನ್ನೊಂದು ಬಿಚ್ಚಿದರು. ನವಿಲು, ಕಳಸ, ಬಳ್ಳಿ. ಎಲ್ಲದರ ಎಡತುದಿಯ ಮೊದಲ ಗೆರೆಯ ಮೇಲೂ ಮೇಲಿನಿಂದ ಕೆಳಗಿನವರೆಗೆ ಕೆಂಪು ಪೆನ್ಸಿಲಿನ ಗೀಟು.

"ಜುವೋ, ನೋಡಿ ಸಾಹೇಬ್. ಐದು ವರ್ಷದಿಂದ ಈ ಗುಟ್ಟು ನನ್ನ ಅಟ್ಟದ ಮೇಲಿದೆ. ಈ ಗಲ್ಲಿಯಲ್ಲಿ ಯಾವ ಅಂಗಡಿಗೆ ಬೇಕಾದರೂ ಹೋಗಿ. ಬಿಡಿ ಅಂದರು, ಬಿಟ್ಟೆವು. ಕಾಗದ ನನ್ನದು, ಪೆನ್ಸಿಲು ನನ್ನದು, ಹೂವು ನನ್ನದು. ನಾನು ಖಾಲಿ ಬಿಟ್ಟ ಗೆರೆಯೂ ಇವರದೇ ಏನು?"

ಕಾಮತ್ ಸರ್ ಹಿಂದಿಯಲ್ಲಿ, "ಬೇನ್, ನಿಮಗೆ ಇವರು ಹೇಳಿಕೊಟ್ಟಿದ್ದಾರೆ," ಅಂದರು.

"ನನಗೆ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ ಸಾಹೇಬ್. ಮತ್ತು ನೀನು," ಎಂದು ಹೀರಾಬೇನ್ ನನ್ನ ಕಡೆ ತಿರುಗಿದರು, "ನೀನೂ ಗೆದ್ದವಳ ಹಾಗೆ ನಿಲ್ಲಬೇಡ. ನಿನ್ನ ಯಂತ್ರ ತಂಡಿ ಹವೆಗೆ ಕಾರ್ಡು ನುಂಗುತ್ತದೆ."

ಪ್ರಾಧ್ಯಾಪಕರು ಮೊದಲ ಸಲ ಸಣ್ಣದಾಗಿ ನಕ್ಕರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಮಂಜುಬೇನ್ ಅವರನ್ನು, ಯಂತ್ರ ಬರುವ ಮೊದಲು ಹೇಗೆ ಕೂಗುತ್ತಿದ್ದಿರಿ, ಸ್ವಲ್ಪ ಕೂಗಿ ಎಂದು ಕೇಳಿದರು. ಮಂಜುಬೇನ್ ನಾಚಿ, ಸೆರಗು ಎಳೆದುಕೊಂಡು, ಒಂದು ನವಿಲಿನ ಸುರುಳಿಯನ್ನು ಮುಂದಿಟ್ಟುಕೊಂಡು ಶುರು ಮಾಡಿದರು. ಸಾಲು, ಸಂಖ್ಯೆ, ಮಾರ್. ಸಾಲು, ಸಂಖ್ಯೆ, ಛೋಡ್. ಧ್ವನಿ ಬರಬರುತ್ತ ರಾಗಕ್ಕೆ ಬಿತ್ತು. ಪ್ರಾಧ್ಯಾಪಕರು ನನ್ನ ಹಾಳೆಯ ಮೇಲೆ ಒಂದೊಂದು ಹೆಸರಿಗೂ ಟಿಕ್ ಹಾಕುತ್ತ ಹೋದರು.

"ಈ ಮಾತುಗಳು ನಿಮಗೆ ಎಲ್ಲಿಂದ ಬಂದವು?"

"ಅತ್ತೆ ಹೀಗೇ ಕೂಗುತ್ತಿದ್ದರು," ಅಂದರು ಮಂಜುಬೇನ್. "ಅವರಿಗೆ ಯಾರು ಹೇಳಿಕೊಟ್ಟರೋ ಕೇಳಲಿಲ್ಲ."

ಅಂಗಡಿಯಿಂದ ಹೊರಟಾಗ ಗಲ್ಲಿಯಲ್ಲಿ ಮೊಣಕಾಲು ಮಟ್ಟ ನೀರು. ಒಂದೇ ಆಟೋ ನಿಂತಿತ್ತು. ಹಸಮುಖಭಾಯ್, "ಕಾಮತ್ ಸಾಹೇಬ್, ಸ್ಟೇಷನ್ನಿಗೇ ತಾನೆ, ಬನ್ನಿ ಜೊತೆಗೆ," ಎಂದು ಕರೆದರು. ಆ ಮನುಷ್ಯನಿಗೆ ಸಿಟ್ಟು ಎಂಬುದು ದೇವರು ಇಟ್ಟಿರಲಿಲ್ಲ. ಕಾಮತ್ ಸರ್ ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿಗಿಳಿದು ನಡೆದೇ ಹೋದರು.

ಪ್ರಾಧ್ಯಾಪಕರ ವರದಿಯ ಮೇಲೆ ನ್ಯಾಯಾಧೀಶರು ಮುದ್ರೆ ತೆಗೆಸಿದರು. ಕೂಗಿನ ಕ್ರಮ ಆ ಕಸುಬಿನವರದು, ಒಳಗಿನ ಬರಹ ಬೇರೆ ಬೇರೆ; ಇನ್ನುಳಿದ ಕಾನೂನಿನ ಪ್ರಶ್ನೆಯನ್ನು ಪೂರ್ತಿ ವಿಚಾರಣೆಯಲ್ಲಿ ನೋಡೋಣ ಎಂದರು. ಅರಗಿನ ಗಂಟು ಬಿಚ್ಚಿದಾಗ ಮೂರು ಕಂಪ್ಯೂಟರುಗಳಲ್ಲಿ ಒಂದು ಚಾಲೂ ಆಗಲೇ ಇಲ್ಲ. ಇನ್ನೊಂದರೊಳಗೆ ಇರುವೆಗಳು ಸಂಸಾರ ಹೂಡಿದ್ದವು. "ಇವಕ್ಕೂ ನೋಟಿಸು ಕೊಡಬೇಕು," ಅಂದರು ಹಸಮುಖಭಾಯ್.

ಕಾಮತ್ ಸರ್ ಸೋಲು ಒಪ್ಪುವವರಲ್ಲ. ಆಗಸ್ಟಿನಲ್ಲಿ ಅವರ ಗಿರಾಕಿಗಳಿಗೆಲ್ಲ ಹೊಸ ಫ್ಲಾಪಿ ಹೋಯಿತು. ಮೂವತ್ತೊಂದು ಹೆಸರುಗಳ ಬದಲು ಬರೀ ಸಂಖ್ಯೆಗಳು, ಕ್ರಮ ತಿರುವುಮುರುವು. ಸೇವೆಗೆ ಬಂದ ಅವರ ಜನ ಪ್ರೋಗ್ರಾಮಿನ ಹಳೆಯ ಫ್ಲಾಪಿಗಳನ್ನು ವಾಪಸು ಒಯ್ದರು. ಹಳೆಯ ವಿನ್ಯಾಸಗಳನ್ನು ಹೊಸ ರೀತಿಗೆ ಬದಲಿಸಿ ಕೊಡುವ ಒಂದು ಪ್ರೋಗ್ರಾಮೂ ಹೊಸ ಫ್ಲಾಪಿಯಲ್ಲೇ ಇತ್ತು. ಇನ್ನು ಇವಳು ಹೇಗೆ ಹಿಂಬಾಲಿಸುತ್ತಾಳೆ ನೋಡೋಣ ಎಂಬುದೇ ಅದರ ತಾತ್ಪರ್ಯ. ಅದರ ಜೊತೆಗೆ, ಕೋರ್ಟಿನಲ್ಲಿ ಮಾನ ಹೋಯಿತು ಎಂದೋ ಏನೋ, ಮೊದಲ ಗೆರೆಗೂ ಜೀವ ಕೊಟ್ಟುಬಿಟ್ಟಿದ್ದರು. ಈಗ ಯಂತ್ರ ಅದನ್ನೂ ಓದುತ್ತಿತ್ತು. ಅಂಗಡಿಯವರಿಗೆ ಆ ಮಾತು ಯಾರೂ ಸರಿಯಾಗಿ ಹೇಳಲಿಲ್ಲ.

ದೀಪಾವಳಿಯ ಮುಂಚಿನ ತಿಂಗಳು. ಸೂರತ್ತಿನಲ್ಲಿ ಮಗ್ಗ ನಿಲ್ಲದ ಕಾಲ. ಖಾಲಿ ಬಿಟ್ಟ ಗೆರೆ ಖಾಲಿಯಾಗಿಯೇ ಕಾರ್ಡಿಗೆ ಇಳಿಯಿತು, ಕಾರ್ಡಿನಿಂದ ಮಗ್ಗಕ್ಕೆ. ಸೀರೆಯ ಅಂಚಿನಲ್ಲಿ ಪ್ರತಿ ಮಾವಿನಕಾಯಿಯ ಪಕ್ಕದಲ್ಲೂ ಕೂದಲೆಳೆಯಷ್ಟು ಒಂದು ಗೆರೆ. ದೂರಕ್ಕೆ ಕಾಣುವುದಿಲ್ಲ. ಕೊಳ್ಳುವವರು ಹತ್ತಿರದಿಂದಲೇ ನೋಡುತ್ತಾರೆ.

ನನಗೆ ಸುದ್ದಿ ಬಂದಾಗ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಕುಣಿಯುವಷ್ಟು ಸಂತೋಷವಾಯಿತು. ಹಸಮುಖಭಾಯ್ ಪೇಢೆ ತರಿಸಿದರು. ಅದೇ ಮಧ್ಯಾಹ್ನ ಹೀರಾಬೇನ್ ಫೋನು ಮಾಡಿದರು.

"ಪೇಢೆ ತಿನ್ನುತ್ತಿದ್ದೀಯಾ?"

ನನ್ನ ಬಾಯಲ್ಲಿ ಇತ್ತು.

"ತಿನ್ನು, ತಿನ್ನು. ನಿಮ್ಮಿಬ್ಬರ ಜಗಳದ ಗೆರೆ ನನ್ನ ಸೀರೆಯಲ್ಲಿ ಬಂದಿದೆ. ಮಗ್ಗದವನು ಕಾರ್ಡಿನ ಕಟ್ಟನ್ನೆಲ್ಲ ಅಂಗಡಿ ಮುಂದೆ ಎಸೆದು ಹೋದ. ನಾಳೆ ನಿನ್ನ ಯಂತ್ರ ಕಳಿಸು. ಪ್ರೀತಿಯಿಂದ ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಬೇರೆ ದಾರಿ ಇಲ್ಲ, ಅದಕ್ಕೆ."

ಒಬ್ಬೊಬ್ಬರಾಗಿ ಆ ಗಲ್ಲಿಯವರೆಲ್ಲ ನಮ್ಮ ಕಡೆ ಬಂದರು. ಹಾಗೆಯೇ, ಬೇರೆ ದಾರಿ ಇಲ್ಲದೆ. ನಾನು ದಸರೆಯಿಂದ ದೀಪಾವಳಿಯವರೆಗೆ ಸೂರತ್ತಿನಲ್ಲೇ ಇದ್ದು ಯಂತ್ರ ನಿಲ್ಲಿಸಿದೆ. ಯಾರೂ ಚಹಾ ಬೇಕೇ ಎಂದು ಕೇಳಲಿಲ್ಲ. ಕಾಮತ್ ಸರ್ ಮೇಲಿನ ಸಿಟ್ಟು ತೀರಿದ ಮೇಲೆ ಮಿಕ್ಕದ್ದನ್ನು ನನ್ನ ಮೇಲೆ ತೀರಿಸಿಕೊಂಡರು. ಅಷ್ಟು ವರ್ಷ ನನ್ನನ್ನು 'ದೀಕ್ರಿ', ಮಗಳೇ, ಎನ್ನುತ್ತಿದ್ದ ಹೀರಾಬೇನ್ 'ಕಂಪನಿವಾಲಿ' ಎನ್ನತೊಡಗಿದರು.

ಕೇಸಿನ ಮುಂದಿನ ತಾರೀಖಿಗೆ ಅವರ ಕಡೆಯವರು ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನ್ಯಾಯಾಧೀಶರು ದಾವೆ ವಜಾ ಮಾಡಿದರು. ಹೆಸರುಗಳು ಯಾರವು ಎಂಬ ಪ್ರಶ್ನೆಗೆ ಯಾರೂ ಉತ್ತರ ಬರೆಯಲಿಲ್ಲ. ಆಮೇಲೆ ಒಂದು ಕಾಲಕ್ಕೆ ಕಾನೂನಿಗೆ ತಿದ್ದುಪಡಿಯಾಗಿ, ತಾನೇ ಬರೆದ ಪ್ರೋಗ್ರಾಮನ್ನು ಇನ್ನೊಂದರ ಜೊತೆ ಹೊಂದಿಸಲು ಬೇಕಾದ ಮಾಹಿತಿ ತಿಳಿದುಕೊಳ್ಳುವುದು ಉಲ್ಲಂಘನೆಯಲ್ಲ ಎಂಬರ್ಥದ ಮಾತೊಂದು ಸೇರಿತು. ತ್ರಿವೇದಿ ಅದನ್ನು ಕತ್ತರಿಸಿ ನನಗೆ ಕಳಿಸಿದ್ದರು, ಅಂಚಿನಲ್ಲಿ 'ರಸ್ತೆ ಬಂತು' ಎಂದು ಬರೆದು.

ವಜಾ ಆದ ದಿನ ಮನೆಗೆ ಹೋಗಿ ಅಜ್ಜಿಗೆ ಹೇಳಿದೆ, "ಗೆದ್ವಿ ಅಜ್ಜಿ."

"ಆ ಮಾತು ವಾಪಸ್ ತಗೊಂಡ್ನೇನು?"

"ಇಲ್ಲ. ಬಂದ ಇಲ್ಲ ಆಂವ."

"ಹಂಗಾರ ಕೇಸ್ ಮುಗೀತು ಅನ್ನು. ಗೆದ್ವಿ ಅನಬ್ಯಾಡ," ಅಂದಳು ಅಜ್ಜಿ.

ಎರಡು ವರ್ಷ ಕಳೆಯಿತು. ಕಾರ್ಡೇ ಬೇಡದ ಮಗ್ಗಗಳು ಸೂರತ್ತಿಗೆ ಬರತೊಡಗಿದ್ದವು; ಗೋರ್ವಾದ ಶೆಡ್ ಮುಚ್ಚಿತೆಂದು ಕೇಳಿದ್ದೆ, ನಮ್ಮದೂ ಕುಂಟುತ್ತಿತ್ತು. ಒಂದು ಬೆಳಿಗ್ಗೆ ವಡೋದರಾ ಸ್ಟೇಷನ್ನಿನಲ್ಲಿ ನಾನು ಸೂರತ್ತಿನ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ಕಾಮತ್ ಸರ್ ಮೆಟ್ಟಿಲಿಳಿದು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜೊತೆಗೆ ಅವರದೇ ವಯಸ್ಸಿನ ಒಬ್ಬರು, ಊರ ಕಡೆಯ ನೆಂಟರಿರಬೇಕು, ಸೂಟ್‌ಕೇಸ್ ಹಿಡಿದಿದ್ದರು. ನಾನು ಎದ್ದು ನಿಂತೆ. ಏಕೆ ಎದ್ದೆನೋ ಗೊತ್ತಿಲ್ಲ. ಗೋರ್ವಾದಲ್ಲಿ ಅವರು ಬಂದಾಗ ಎದ್ದು ಎದ್ದು ಅಭ್ಯಾಸ. ಸರ್ ನಿಂತರು.

ನೆಂಟರು ಇಬ್ಬರನ್ನೂ ನೋಡಿ ಕೇಳಿದರು, "ಯಾರು ಇವ್ರು?"

"ಇವ್ಳಾ?" ಅಂದರು ಕಾಮತ್ ಸರ್, ನನ್ನ ಮುಖದ ಕಡೆ ನೋಡದೆ. "ಇವ್ಳಿಗೆ ಕೆಲಸ ಕಲಿಸಿದವ ನಾನು."

ಅಷ್ಟರಲ್ಲಿ ಮುಂಬಯಿ ಗಾಡಿ ಬಂತು. ನೆಂಟರು ಸೂಟ್‌ಕೇಸನ್ನು ಒಳಗೆ ತಳ್ಳಿದರು, ಸರ್ ಕಂಬಿ ಹಿಡಿದು ಹತ್ತಿದರು. ಆ ಗಾಡಿ ಸೂರತ್ತಿಗೂ ಹೋಗುತ್ತಿತ್ತು. ನಾನು ಹತ್ತಲಿಲ್ಲ, ಮುಂದಿನದಕ್ಕೆ ಕಾದೆ.